ಎರಡು ಸಲ ಕಲಿ ಎನ್ನುವುದು ಯಾವ ನ್ಯಾಯ?

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳು. ಎಪಿ ಪರೀಕ್ಷೆ ಎಂದರೇನು ಎಂದು ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ: ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಕಲಿತು ಬರೆಯುವ ಪರೀಕ್ಷೆ, ಅಂಕ 1ರಿಂದ 5, 3 ಬಂದರೆ ತೇರ್ಗಡೆ. ಮೇ ತಿಂಗಳಲ್ಲಿ ಊರಿನ ಮದುವೆಗೆ ಹೋಗಲಾಗದೆ ಫೋನಿನಲ್ಲೇ ಅಕ್ಷತೆ ಹಾಕಿದವರು ನೀವು. ಅದರಲ್ಲೂ ಗಣಿತದ ಎರಡು ಕ್ಯಾಲ್ಕುಲಸ್ ಪರೀಕ್ಷೆಗಳಲ್ಲಿ ದೊಡ್ಡದಾದ ಕ್ಯಾಲ್ಕುಲಸ್ ಬಿಸಿ (BC)! ಕನ್ನಡದಲ್ಲಿ ಬರೆದರೆ ಆ ಹೆಸರು ಎಷ್ಟು ಸರಿಯಾಗಿದೆ ನೋಡಿ. ಆ ಬಿಸಿ ತಟ್ಟದ ಮನೆ ಇಲ್ಲಿ ಯಾವುದೂ ಇರಲಾರದು.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಹನ್ನೊಂದನೆಯ ತರಗತಿಯಲ್ಲೇ ಆ ಪರೀಕ್ಷೆ ಬರೆದು 5 ಪಡೆದ ಹುಡುಗಿ. ಅವಳ ತಂದೆ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ರಾತ್ರಿ ಪಾಳಿ ಮಾಡುತ್ತಾರೆ. ಅವಳು ಸೇರಿದ ಖಾಸಗಿ ಕಾಲೇಜು ಅರ್ಜಿಯಲ್ಲಿದ್ದ ಆ 5ನ್ನು ಮೆಚ್ಚಿ ಪ್ರವೇಶ ಕೊಟ್ಟಿತು. ಆದರೆ ಕಾಲೇಜಿನ ಆ ಕೋರ್ಸನ್ನು ಮುಗಿಸಿದಂತೆ ಲೆಕ್ಕ ಹಿಡಿಯುವ ಕ್ರೆಡಿಟ್ ಕೇಳಿದಾಗ, ಮೊದಲ ಕ್ಯಾಲ್ಕುಲಸ್ ಕೋರ್ಸಿನಲ್ಲಿ ಎಲ್ಲರ ಜೊತೆ ಕುಳಿತುಕೋ ಎಂದಿತು. "ಸರ್, ನೀವು ಕಲಿಸಿದ ಅದೇ ಲೆಕ್ಕಗಳು, ಅದೇ ಅಧ್ಯಾಯಗಳು" ಎಂದಳು. ಪರೀಕ್ಷೆಗೆ ಕಟ್ಟಿದ್ದು ನೂರು ಡಾಲರ್‌ನಷ್ಟು. ಈ ಕೋರ್ಸಿಗೆ ಸಾವಿರಾರು. ಸೇರಿಸಿಕೊಳ್ಳುವಾಗ ಕಣ್ಣಿಗೊತ್ತಿಕೊಂಡ ಅಂಕ, ಸೇರಿದ ಮೇಲೆ ಕಣ್ಣಿಗೇ ಬೀಳುವುದಿಲ್ಲವೇ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಈ ಪರೀಕ್ಷೆ ಹುಟ್ಟಿದ್ದಾದರೂ ಏಕೆ? 1950ರ ದಶಕದ ಆರಂಭದಲ್ಲಿ ಮೂರು ಹೆಸರಾಂತ ಶಾಲೆಗಳವರೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನಿನವರೂ ಒಟ್ಟಿಗೆ ಕುಳಿತು ಪರಿಶೀಲಿಸಿದಾಗ ಕಂಡದ್ದು ಇದೇ ದೋಷ. ಚುರುಕಾದ ಮಕ್ಕಳು ಶಾಲೆಯಲ್ಲಿ ಕಲಿತದ್ದನ್ನೇ ಕಾಲೇಜಿನಲ್ಲಿ ಮತ್ತೆ ಕಲಿಯುತ್ತಾ ಕಾಲ ಕಳೆಯುತ್ತಿದ್ದರು. 1955ರಲ್ಲಿ, ಕಾಲೇಜು ಪ್ರವೇಶದ ಪರೀಕ್ಷೆಗಳನ್ನು ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆ ಈ ಕೆಲಸ ವಹಿಸಿಕೊಂಡಿತು. ಮರುವರ್ಷ 104 ಶಾಲೆಗಳ 1,229 ಮಕ್ಕಳು ಪರೀಕ್ಷೆ ಬರೆದರು. ಕಲಿತದ್ದನ್ನು ಮತ್ತೆ ಕಲಿಯುವುದು ತಪ್ಪಲಿ ಎಂದೇ ಹುಟ್ಟಿದ ಪರೀಕ್ಷೆಯಲ್ಲಿ 5 ಪಡೆದವಳಿಗೆ ಮತ್ತೆ ಕಲಿ ಎನ್ನುತ್ತಿದ್ದೇವೆ.

ಇಲ್ಲಿ ಹೈಮೆ ಎಸ್ಕಲಾಂತೆಯವರ ಕಥೆಯನ್ನು ಹೇಳಲೇಬೇಕು. ಕೇಳಿದವರು ಇನ್ನೊಮ್ಮೆ ಕೇಳಿ. ಬೊಲಿವಿಯಾದಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತಿದ್ದ ಮೇಷ್ಟರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಅವರ ಕಲಿಕೆಗೆ ಇಲ್ಲಿ ಬೆಲೆ ಇರಲಿಲ್ಲ. ಕಾಫಿ ಅಂಗಡಿಯಲ್ಲಿ ನೆಲ ಒರೆಸಿದರು, ಇಂಗ್ಲಿಷ್ ಕಲಿತರು, ಮತ್ತೆ ಕಾಲೇಜಿಗೆ ಸೇರಿ ಪದವಿ ಪಡೆದರು. ಈ ಸಭೆಯಲ್ಲೂ ಮೂರು ವರ್ಷದ ಬಿ.ಎಸ್ಸಿ. ಹಿಡಿದು ಬಂದು "ಇದು ಸಾಲದು" ಎನ್ನಿಸಿಕೊಂಡವರು ಇದ್ದೀರಿ. ಆ ನೋವು ನಿಮಗೆ ಗೊತ್ತು. 1974ರಲ್ಲಿ ಅವರು ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲ್ ಸೇರಿದರು. ಬಡ ಮೆಕ್ಸಿಕನ್ ಕುಟುಂಬಗಳ ಮಕ್ಕಳು ಓದುತ್ತಿದ್ದ ಶಾಲೆ. ಬಾಣಸಿಗನ ಟೋಪಿ ಹಾಕಿಕೊಂಡು, ಸೇಬನ್ನು ಕತ್ತಿಯಿಂದ ಕಡಿದು ಭಿನ್ನರಾಶಿ ಕಲಿಸಿದವರು ಅವರು. 1982ರಲ್ಲಿ ಅವರ 18 ಮಕ್ಕಳು ಎಪಿ ಕ್ಯಾಲ್ಕುಲಸ್ ಬರೆದರು, ಹದಿನೆಂಟೂ ಮಂದಿ ತೇರ್ಗಡೆಯಾದರು. ಆಗ ಏನಾಯಿತು? ಪರೀಕ್ಷಾ ಸಂಸ್ಥೆ 14 ಮಂದಿಯ ಉತ್ತರಗಳನ್ನು ನಕಲು ಎಂದು ಸಂಶಯಿಸಿತು. ಅವರಲ್ಲಿ 12 ಮಂದಿ, ಪಾಠ ನಿಂತು ತಿಂಗಳುಗಳು ಕಳೆದ ಮೇಲೆ, ಅದೇ ಬೇಸಿಗೆಯಲ್ಲಿ ಮತ್ತೆ ಕುಳಿತು ಬರೆದರು. ಹನ್ನೆರಡೂ ಮಂದಿ ತೇರ್ಗಡೆ!

ನನ್ನ ತರಗತಿಯ ಗೋಡೆಯ ಮೇಲೆ 12 ಎಂಬ ಅಂಕಿ ಮಾತ್ರ ಬರೆದಿದೆ. ಹೊಸ ಮಕ್ಕಳು ಅದೇನೆಂದು ಕೇಳಿದ ದಿನ ಪಾಠ ನಿಲ್ಲಿಸಿ ಈ ಕಥೆ ಹೇಳುತ್ತೇನೆ. ಆ ಮಕ್ಕಳು ಎರಡು ಸಲ ಪರೀಕ್ಷೆ ಬರೆದು ತೋರಿಸಿದ್ದನ್ನು, ನಾವು ಮೂರನೆಯ ಸಲ ಶುಲ್ಕ ಕಟ್ಟಿ ತೋರಿಸು ಎನ್ನಬಹುದೇ?

ಎದುರು ವಾದವನ್ನೂ ಹೇಳುತ್ತೇನೆ, ಅದು ಹಗುರವಾದುದಲ್ಲ. 2014ರಲ್ಲಿ ಸೇರಿದವರಿಂದ ಮೊದಲುಗೊಂಡು ಡಾರ್ಟ್‌ಮತ್ ಕಾಲೇಜು ಎಪಿಗೆ ಕ್ರೆಡಿಟ್ ನಿಲ್ಲಿಸಿತು. ಮನಶ್ಶಾಸ್ತ್ರದಲ್ಲಿ 5 ಪಡೆದು ಬಂದ ನೂರಕ್ಕೂ ಹೆಚ್ಚು ಮಕ್ಕಳಿಗೆ ತಮ್ಮ ಮೊದಲ ಕೋರ್ಸಿನ ಪ್ರಶ್ನೆಪತ್ರಿಕೆಯನ್ನು ಚಿಕ್ಕದಾಗಿಸಿ ಕೊಟ್ಟಾಗ ಹತ್ತರಲ್ಲಿ ಒಬ್ಬರಷ್ಟೇ ತೇರ್ಗಡೆಯಾದರು. ಒಪ್ಪುತ್ತೇನೆ. ಎಲ್ಲ ವಿಷಯದ 5 ಒಂದೇ ತೂಕದ್ದಲ್ಲ. ಆದರೆ ಮದ್ದು ಯಾವುದು? ನಮ್ಮ ಕರ್ನಾಟಕದಲ್ಲಿ ಪಾಲಿಟೆಕ್ನಿಕ್ ಮುಗಿಸಿದ ಹುಡುಗ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರುತ್ತಾನೆ. ಗಣಿತದಲ್ಲಿ ಕೊರತೆ ಇದ್ದೀತು ಎಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹೆಚ್ಚುವರಿ ಗಣಿತದ ಪಾಠ ಇಟ್ಟಿತು, ಅವನ ವರ್ಷವನ್ನು ಕಿತ್ತುಕೊಳ್ಳಲಿಲ್ಲ. ಕೊರತೆ ಕಂಡ ಕಡೆ ತುಂಬಿಸಿ, ಕಲಿತದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಅಮೆರಿಕದ ಹೆಸರಾಂತ ತಾಂತ್ರಿಕ ವಿದ್ಯಾಲಯ, ಎಂಐಟಿಯಂಥ ಎಂಐಟಿಯೇ ಬಿಸಿಯ 5ಕ್ಕೆ ತನ್ನ ಮೊದಲ ಕ್ಯಾಲ್ಕುಲಸ್ ಕೋರ್ಸಿನ ಕ್ರೆಡಿಟ್ ಕೊಡುತ್ತದೆ. ಟೆಕ್ಸಸ್ ರಾಜ್ಯ 2015ರಲ್ಲಿ ಕಾನೂನು ಮಾಡಿ, ಹೆಚ್ಚಿನ ಅಂಕ ಬೇಕೆಂಬುದಕ್ಕೆ ಆಧಾರ ಇಲ್ಲದಿದ್ದರೆ 3 ಪಡೆದವರಿಗೂ ಸರ್ಕಾರಿ ಕಾಲೇಜುಗಳು ಕ್ರೆಡಿಟ್ ಕೊಡಬೇಕು ಎಂದಿತು. ಸೇರಿಸಿಕೊಳ್ಳುವಾಗ ನೋಡುವ ಅಂಕವನ್ನು ಸೇರಿದ ಮೇಲೂ ನೋಡಿ ಎಂದು ಶಾಸನವೇ ಹೇಳಬೇಕಾಯಿತು.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ, ಬಿಸಿಬೇಳೆಬಾತಿನ ಪರಿಮಳವೂ ಬಂದಿದೆ. ಉಳಿದದ್ದನ್ನು ಓಡಿಸುತ್ತೇನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 3ಕ್ಕೂ ಕ್ರೆಡಿಟ್ ಕೊಡುತ್ತದೆ, ನಿಜ. ಆದರೆ ಅದು ನಿಮ್ಮ ಮಗುವಿನ ಮುಖ್ಯ ವಿಷಯಕ್ಕೆ ಸಲ್ಲುತ್ತದೆಯೇ ಎಂಬುದು ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ, ವಿಭಾಗದಿಂದ ವಿಭಾಗಕ್ಕೆ ಬೇರೆ. ಅರ್ಜಿ ಹಾಕುವ ಮೊದಲೇ ಅದನ್ನು ಓದಿ. ಹತ್ತು ಎಪಿಗಳನ್ನು ಮಗುವಿನ ತಲೆಯ ಮೇಲೆ ಹೇರಬೇಡಿ, ಇದು ಅಮ್ಮಂದಿರಿಗಿಂತ ಅಪ್ಪಂದಿರಿಗೆ ಹೇಳುವ ಮಾತು. ಕನ್ನಡದ ವಿಷಯ ಮಾತಾಡಬೇಕೆಂದಿದ್ದೆ: ಫ್ರೆಂಚ್, ಜಪಾನೀ, ಲ್ಯಾಟಿನ್‌ಗಳಿಗೆ ಎಪಿ ಇದೆ, ಭಾರತದ ಒಂದು ಭಾಷೆಗೂ ಇಲ್ಲ. ಅದಕ್ಕೊಂದು ಇಡೀ ಸಂಜೆ ಬೇಕು, ದಯವಿಟ್ಟು ಯುಗಾದಿಗೆ ಕರೆಯಿರಿ.

ಆ ಹುಡುಗಿ ಈಗ ಗಣಿತ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದಿದ್ದಾಳೆ. ನಿಮ್ಮದೇ ಅಂತಿಮ ಪರೀಕ್ಷೆಯನ್ನು ನಾಳೆಯೇ ಕೊಡಿ, ಬರೆಯುತ್ತೇನೆ ಎಂದು ಕೇಳಿದ್ದಾಳೆ. ಜೊತೆಗೆ ನನ್ನದೂ ಒಂದು ಪತ್ರ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಇಂಥದೇ ಪತ್ರ ಬರೆಯಬೇಕಾದ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಊಟದ ಸಾಲಿನಲ್ಲೇ ನನ್ನನ್ನು ಹಿಡಿಯಿರಿ.