ಗಿಡಗಳ ನಡುವೆ ನಿಂತ ರೇಡಾರ್

ನಮಸ್ಕಾರ ಕೇಳುಗರೇ.

ಒಂದು ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ಕೆಲಸ ಎಷ್ಟು ಬಗೆಯಲ್ಲಿ ನಡೆಯುತ್ತದೆ ಅಂತ ಯಾರಾದರೂ ಕೇಳಿದರೆ, ನಾವು ಸಾಮಾನ್ಯವಾಗಿ ವಿಭಾಗಗಳ ಹೆಸರು ಹೇಳಿಬಿಡುತ್ತೇವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಗಣಿತ. ಇಲ್ಲವೇ ವರ್ಷಕ್ಕೆ ಎಷ್ಟು ಪ್ರಬಂಧ ಹೊರಬಂತು ಅಂತ ಲೆಕ್ಕ ಕೊಡುತ್ತೇವೆ. ನನಗೆ ಈ ಎರಡೂ ಉತ್ತರ ಸಾಲದು ಅನಿಸುತ್ತದೆ. ಆ ವಿಭಾಗಗಳ ನಡುವೆ ಏನು ಓಡಾಡುತ್ತದೆ, ಯಾರು ಯಾರ ಹತ್ತಿರ ಏನು ಕಡ ತಂದರು, ಅದನ್ನು ನೋಡಬೇಕು. ಅದಕ್ಕೇ ಇವತ್ತು ಒಂದೇ ಒಂದು ವಿಶ್ವವಿದ್ಯಾಲಯದ ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್.

1945ರ ಡಿಸೆಂಬರ್. ಎರಡನೇ ಮಹಾಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು. ಯುದ್ಧದಲ್ಲಿ ರೇಡಾರ್ ಕೆಲಸ ಮಾಡಿ ವಾಪಸ್ ಬಂದಿದ್ದ ಬರ್ನಾರ್ಡ್ ಲವೆಲ್ ಎಂಬ ಭೌತವಿಜ್ಞಾನಿಗೆ ಒಂದು ಆಸೆ. ಆಕಾಶದಿಂದ ಬೀಳುವ ವಿಶ್ವಕಿರಣಗಳ ಜಾಡನ್ನು ರೇಡಾರ್‌ನಿಂದ ಹಿಡಿಯಬಹುದೇ ಅಂತ ನೋಡಬೇಕು. ಸೈನ್ಯದ ಹಳೆಯ ರೇಡಾರ್ ಗಾಡಿಗಳು ಸಿಕ್ಕವು. ವಿಶ್ವವಿದ್ಯಾಲಯದ ಆವರಣದಲ್ಲೇ ಹಚ್ಚಿ ನೋಡಿದರು. ಪರದೆಯ ತುಂಬಾ ಬರೀ ಗದ್ದಲ. ಪಕ್ಕದ ರಸ್ತೆಯಲ್ಲಿ ಓಡುವ ಟ್ರಾಮುಗಳ ವಿದ್ಯುತ್ತು ಎಲ್ಲ ಸಂಕೇತವನ್ನೂ ನುಂಗಿಹಾಕುತ್ತಿತ್ತು.

ಊರಾಚೆ ಎಲ್ಲಾದರೂ ಜಾಗ ಬೇಕು. ಭೌತಶಾಸ್ತ್ರದವರ ಬಳಿ ಜಾಗ ಇರಲಿಲ್ಲ, ಇದ್ದದ್ದು ಸಸ್ಯಶಾಸ್ತ್ರ ವಿಭಾಗದವರ ಬಳಿ. ನಗರದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಜೋಡ್ರೆಲ್ ಬ್ಯಾಂಕ್ ಎನ್ನುವ ಕಡೆ ಅವರದೊಂದು ಹೊಲ ಇತ್ತು. ಗಿಡ ಬೆಳೆಸಿ ಪ್ರಯೋಗ ಮಾಡುವ ಹೊಲ. ಚಳಿಗಾಲದ ಕೆಸರಿನಲ್ಲಿ ಲವೆಲ್ ತಮ್ಮ ಗಾಡಿಗಳನ್ನು ಅಲ್ಲಿಗೆ ಎಳೆಸಿಕೊಂಡು ಹೋಗಿ ನಿಲ್ಲಿಸಿದರು. ಡಿಸೆಂಬರ್ 14ರಂದು ಪರದೆಯ ಮೇಲೆ ಮಾರ್ದನಿ ಕಾಣಿಸಿತು.

ಆದರೆ ಅದು ಅವರು ಹುಡುಕಿಕೊಂಡು ಹೋದ ವಿಶ್ವಕಿರಣ ಆಗಿರಲಿಲ್ಲ. ಉಲ್ಕೆಗಳು! ಉಲ್ಕೆ ಉರಿದು ಹೋಗುವಾಗ ಹಿಂದೆ ಬಿಟ್ಟ ಜಾಡಿಗೆ ಬಡಿದು ರೇಡಾರ್ ಅಲೆ ವಾಪಸ್ ಬರುತ್ತಿತ್ತು. ಇದನ್ನು ಖಚಿತ ಮಾಡಿಕೊಳ್ಳಲು ಅವರು ನೆರವು ಪಡೆದದ್ದು ಯಾರಿಂದ ಗೊತ್ತಾ? ಮ್ಯಾನಿಂಗ್ ಪ್ರೆಂಟಿಸ್ ಎಂಬ ಒಬ್ಬ ವಕೀಲರಿಂದ. ಹಗಲು ವಕೀಲಿಕೆ, ರಾತ್ರಿ ಬರಿಗಣ್ಣಲ್ಲಿ ಉಲ್ಕೆ ನೋಡುವುದು ಅವರ ಹವ್ಯಾಸ. ಅವರು ಹೊರಗೆ ಆಕಾಶ ನೋಡುತ್ತಾ ಉಲ್ಕೆ ಕಂಡ ಕೂಡಲೇ ಕೂಗಬೇಕು, ಒಳಗಿದ್ದವರು ಅದೇ ಗಳಿಗೆಯಲ್ಲಿ ಪರದೆಯಲ್ಲಿ ಏನಾದರೂ ಮಿನುಗಿತೇ ಅಂತ ನೋಡಬೇಕು. ಹೀಗೆ ತಾಳೆ ನೋಡುತ್ತಾ ಹೋದರು.

ಆ ಹೊಲದಲ್ಲೇ 1957ರಲ್ಲಿ 76 ಮೀಟರ್ ಅಗಲದ ಬಟ್ಟಲಿನ ರೇಡಿಯೊ ದೂರದರ್ಶಕ ಎದ್ದಿತು. ಅಷ್ಟು ದೊಡ್ಡ ಬಟ್ಟಲನ್ನು ಓಲಾಡಿಸಲು ಹಳೆಯ ಯುದ್ಧನೌಕೆಗಳ ತೋಪುಗೋಪುರದ ಹಲ್ಲುಪಟ್ಟಿಗಳನ್ನು ತಂದು ಕೂರಿಸಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದಾಗ, ಅದನ್ನು ಹೊತ್ತೊಯ್ದ ರಾಕೆಟ್ಟನ್ನು ರೇಡಾರ್‌ನಲ್ಲಿ ಹಿಡಿದದ್ದು ಈ ದೂರದರ್ಶಕವೇ. ಗಿಡದವರು ಜಾಗ ಕೊಡದೆ ಹೋಗಿದ್ದರೆ? ಆ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ವಿಭಾಗವೇ ಇಲ್ಲದೆ ಹೋಗಿದ್ದರೆ? ಸುಮ್ನೆ ಯೋಚನೆ ಮಾಡಿ.

ಲವೆಲ್ ಇದ್ದ ಆ ಭೌತಶಾಸ್ತ್ರ ವಿಭಾಗದ ಹಿಂದಿನ ಕಥೆ ಒಂದು ಹೇಳಲೇಬೇಕು, ಯಾಕೆಂದರೆ ಅದು ನನಗೆ ತುಂಬಾ ಇಷ್ಟ. 1909ರಲ್ಲಿ ಅಲ್ಲಿ ಅರ್ನೆಸ್ಟ್ ರುದರ್‌ಫರ್ಡ್ ಇದ್ದರು. ಅವರ ಜೊತೆಗಾರ ಹಾನ್ಸ್ ಗೈಗರ್, ಇನ್ನೂ ಪದವಿ ಮುಗಿಸಿರದ 20 ವರ್ಷದ ಹುಡುಗ ಅರ್ನೆಸ್ಟ್ ಮಾರ್ಸ್‌ಡೆನ್. ತೆಳ್ಳಗಿನ ಲೋಹದ ಹಾಳೆಗೆ ಆಲ್ಫಾ ಕಣಗಳನ್ನು, ಅಂದರೆ ವಿಕಿರಣ ವಸ್ತುಗಳಿಂದ ಸಿಡಿಯುವ ಪುಟ್ಟ ಕಣಗಳನ್ನು, ಬಿಡುವುದು, ಅವು ಎಲ್ಲಿ ಹೋಗಿ ಬಡಿಯುತ್ತವೆ ಅಂತ ಎಣಿಸುವುದು ಅವರ ಕೆಲಸ. ಎಣಿಸುವ ಯಂತ್ರ ಇಲ್ಲ. ಕತ್ತಲೆ ಕೋಣೆಯಲ್ಲಿ ಕೂತು, ಕತ್ತಲೆಗೆ ಕಣ್ಣು ಹೊಂದಿಕೊಳ್ಳುವ ತನಕ ಕಾದು, ಆಮೇಲೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಒಂದು ಪುಟ್ಟ ಪರದೆಯ ಮೇಲೆ ಫಳ್ ಅಂತ ಹೊಳೆದು ಆರಿಹೋಗುವ ಚುಕ್ಕೆಗಳನ್ನು ಒಂದೊಂದಾಗಿ ಎಣಿಸಬೇಕು. ಸ್ವಲ್ಪ ಹೊತ್ತಿಗೇ ಕಣ್ಣು ಸೋಲುತ್ತದೆ. ಹಾಗೆ ಎಣಿಸಿ ಎಣಿಸಿ, ಸುಮಾರು 8000 ಕಣಗಳಲ್ಲಿ ಒಂದು ಬಂದ ದಾರಿಗೇ ತಿರುಗಿ ಬರುತ್ತಿದೆ ಅಂತ ಕಂಡುಕೊಂಡರು. ಅದರ ಬಲದ ಮೇಲೇ 1911ರಲ್ಲಿ ರುದರ್‌ಫರ್ಡ್, ಪರಮಾಣುವಿನ ಒಳಗೆ ಗಟ್ಟಿಯಾದ ಪುಟ್ಟ ತಿರುಳೊಂದು ಇದೆ ಅಂದದ್ದು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಅದೇ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದಲ್ಲಿ ಕೈಮ್ ವೈಜ್‌ಮನ್ ಎಂಬುವರು ಬ್ಯಾಕ್ಟೀರಿಯಾದಿಂದ ಪಿಷ್ಟ ಕೊಳೆಯಿಸಿ ಅಸಿಟೋನ್ ತೆಗೆಯುವ ದಾರಿ ಹುಡುಕುತ್ತಿದ್ದರು. ಒಂದು ಕಡೆ ಪರಮಾಣುವಿನ ಒಳಗು, ಇನ್ನೊಂದು ಕಡೆ ಹುದುಗು ಬರಿಸುವ ಕೆಲಸ. ಯಾವುದು ದೊಡ್ಡ ವಿಜ್ಞಾನ ಅಂತ ಆಗ ಯಾರೂ ತೂಗಿ ಹೇಳಲು ಆಗುತ್ತಿರಲಿಲ್ಲ.

ಮತ್ತೆ ಯುದ್ಧದ ನಂತರಕ್ಕೆ ಬರೋಣ. ರೇಡಾರ್‌ನಿಂದ ಬಂದ ಇನ್ನೊಬ್ಬರು ಇದ್ದರು, ಫ್ರೆಡಿ ವಿಲಿಯಮ್ಸ್. ಇವರು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದವರು. ರೇಡಾರ್ ಪರದೆಯ ಮೇಲೆ ಒಂದು ಚುಕ್ಕೆ ಮೂಡಿಸಿದರೆ ಅಲ್ಲಿ ಸ್ವಲ್ಪ ವಿದ್ಯುತ್ತು ಉಳಿಯುತ್ತದೆ, ಕ್ಷಣ ಮಾತ್ರ. ಅದು ಆರಿಹೋಗುವ ಮುಂಚೆ ಓದಿ ಮತ್ತೆ ಬರೆಯುತ್ತಾ ಇದ್ದರೆ? ಆಗ ಆ ಪರದೆಯೇ ನೆನಪಿನ ಪೆಟ್ಟಿಗೆ ಆಗುತ್ತದೆ, ಅಲ್ವಾ? ಟಾಮ್ ಕಿಲ್ಬರ್ನ್ ಮತ್ತು ಜೆಫ್ ಟೂಟಿಲ್ ಜೊತೆ ಸೇರಿ ಅವರು ಅದನ್ನು ಯಂತ್ರಕ್ಕೆ ಕೂಡಿಸಿದರು. 1024 ಚುಕ್ಕೆಗಳಷ್ಟೇ ಅದರ ನೆನಪು. 1948ರ ಜೂನ್ 21ರಂದು ಅದಕ್ಕೆ 17 ಸಾಲಿನ ಒಂದು ಪ್ರೋಗ್ರಾಮ್ ಕೊಟ್ಟು ಕೇಳಿದ ಪ್ರಶ್ನೆ ಇಷ್ಟೇ. 262144ನ್ನು ಸರಿಯಾಗಿ ಭಾಗಿಸುವ, ಅದಕ್ಕಿಂತ ಚಿಕ್ಕದಾದ, ಅತಿ ದೊಡ್ಡ ಸಂಖ್ಯೆ ಯಾವುದು? ಅರ್ಧ ಮಾಡಿದರೆ ಮಕ್ಕಳೂ ಹೇಳುತ್ತಾರೆ, 131072. ಯಂತ್ರ ಮಾತ್ರ ಮೇಲಿಂದ ಒಂದೊಂದೇ ಸಂಖ್ಯೆ ಹಾಕಿ ನೋಡುತ್ತಾ 52 ನಿಮಿಷ ತೆಗೆದುಕೊಂಡಿತು. ಉತ್ತರ ಸರಿಯಾಗಿತ್ತು. ಪ್ರೋಗ್ರಾಮನ್ನು ತನ್ನ ನೆನಪಿನಲ್ಲೇ ಇಟ್ಟುಕೊಂಡು ನಡೆಸಿದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಅದು. ಇವತ್ತು ಕೈಯಲ್ಲಿರುವ ಫೋನು ಕೂಡ ನಡೆಯುವುದು ಅದೇ ರೀತಿಯಲ್ಲಿ.

ಆ ಯಂತ್ರದ ಆಸೆಯಿಂದ ಗಣಿತಜ್ಞ ಅಲನ್ ಟ್ಯೂರಿಂಗ್ ಅದೇ ವರ್ಷ ಮ್ಯಾಂಚೆಸ್ಟರಿಗೆ ಬಂದರು. ಬಂದವರು ಮಾಡಿದ್ದೇನು? ಗಿಡ ಮತ್ತು ಪ್ರಾಣಿಗಳ ಬಗ್ಗೆ ಯೋಚಿಸಲು ಶುರು ಮಾಡಿದರು. ಚಿರತೆಗೆ ಚುಕ್ಕೆ ಯಾಕೆ, ಜೀಬ್ರಾಕ್ಕೆ ಪಟ್ಟೆ ಯಾಕೆ ಅನ್ನುವಂಥ ಪ್ರಶ್ನೆಗಳು. 1952ರಲ್ಲಿ ಅವರು ಬರೆದ ಪ್ರಬಂಧದ ಸಾರವನ್ನು ಸರಳವಾಗಿ ಹೇಳಿದರೆ ಹೀಗೆ. ಎರಡು ರಾಸಾಯನಿಕಗಳಿವೆ. ಒಂದು ಬೆಳವಣಿಗೆಯನ್ನು ಹುರಿದುಂಬಿಸುತ್ತದೆ, ಆದರೆ ನಿಧಾನವಾಗಿ ಹರಡುತ್ತದೆ. ಇನ್ನೊಂದು ಅದನ್ನು ತಡೆಯುತ್ತದೆ, ಬೇಗ ಹರಡುತ್ತದೆ. ಇವೆರಡರ ಜಗ್ಗಾಟದಲ್ಲಿ ಯಾರೂ ಗೆರೆ ಎಳೆಯದೆ ತಾನಾಗಿಯೇ ಚುಕ್ಕೆ, ಪಟ್ಟೆಗಳು ಮೂಡಬಹುದು. ಇಂಥ ಚುಕ್ಕೆಗಳನ್ನು ಪ್ರಯೋಗಶಾಲೆಯ ರಾಸಾಯನಿಕದಲ್ಲಿ ಕಣ್ಣಾರೆ ಕಂಡದ್ದು 1990ರಲ್ಲಿ, ಫ್ರಾನ್ಸಿನ ಬೋರ್ದೋದಲ್ಲಿ. ಸುಮಾರು 40 ವರ್ಷ ಕಾಯಬೇಕಾಯಿತು. ವರ್ಷಕ್ಕೊಮ್ಮೆ ಲೆಕ್ಕ ಕೇಳುವ ಪುಸ್ತಕದಲ್ಲಿ ಇಂಥ ಕೆಲಸವನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ ಹೇಳಿ?

ಅದೇ ಊರಲ್ಲಿ 2004ರಲ್ಲಿ ಆಂಡ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟನ್ನು ಸುಲಿದು ಸುಲಿದು ಒಂದೇ ಪರಮಾಣು ದಪ್ಪದ ಗ್ರಾಫೀನ್ ತೆಗೆದರು, 2010ರಲ್ಲಿ ನೊಬೆಲ್ ಬಂತು. ಇದು ನಿಮಗೆ ಗೊತ್ತಿರಬಹುದು. ನನ್ನ ಮನಸ್ಸು ಮಾತ್ರ ಮತ್ತೆ ಮತ್ತೆ ಟ್ಯೂರಿಂಗ್ ಕಡೆಗೇ ಓಡುತ್ತದೆ.

ಅವರು ಚಿಕ್ಕವರಿದ್ದಾಗ, ಹಾಕಿ ಆಟದ ಮಧ್ಯೆ ಆಟ ಮರೆತು, ಬಗ್ಗಿ ಡೇಸಿ ಹೂ ನೋಡುತ್ತಾ ನಿಂತಿರುವ ಚಿತ್ರವೊಂದನ್ನು ಅವರ ತಾಯಿ ಬರೆದಿದ್ದಾರೆ. ಕೊನೆಯ ವರ್ಷಗಳಲ್ಲಿ ಆ ಹುಡುಗನೇ ವಾಪಸ್ ಬಂದಂತೆ, ಹೂವಿನಲ್ಲಿ ಬೀಜಗಳು ಸುರುಳಿಯಾಗಿ ಯಾಕೆ ಕೂರುತ್ತವೆ ಅಂತ ಕಂಪ್ಯೂಟರ್ ಹಿಡಿದು ಲೆಕ್ಕ ಹಾಕುತ್ತಿದ್ದರು. ಆ ಕೆಲಸ ಮುಗಿಯಲಿಲ್ಲ. 1954ರ ಜೂನ್‌ನಲ್ಲಿ ಅವರು ತೀರಿಕೊಂಡರು.

2012ರಲ್ಲಿ, ಟ್ಯೂರಿಂಗ್ ಹುಟ್ಟಿ ನೂರು ವರ್ಷವಾದಾಗ, ಮ್ಯಾಂಚೆಸ್ಟರಿನಲ್ಲಿ ಜನರಿಗೆ ಒಂದು ಕರೆ ಹೋಯಿತು. ಸೂರ್ಯಕಾಂತಿ ಬೆಳೆಸಿ, ಸುರುಳಿ ಎಣಿಸಿ ಕಳಿಸಿ ಅಂತ. ಮನೆಯವರು, ಮಕ್ಕಳು ಎಲ್ಲ ಬೆಳೆಸಿದರು. ಹೀಗೆ ಬಂದ 657 ಹೂಗಳ ಲೆಕ್ಕ 2016ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಚ್ಚಿನವು 34, 55, 89 ಅನ್ನುವ ಫಿಬೊನಾಚಿ ಸಂಖ್ಯೆಗಳೇ, ಅಂದರೆ ಹಿಂದಿನ ಎರಡನ್ನು ಕೂಡಿದರೆ ಬರುವ ಸಂಖ್ಯೆಗಳು. ಆದರೆ ಕೆಲವು ಹೂಗಳು ಆ ನಿಯಮಕ್ಕೆ ಜಗ್ಗಲಿಲ್ಲ, ಅವುಗಳ ಲೆಕ್ಕವೇ ಬೇರೆ. ವಿಜ್ಞಾನಿಗಳು ಈಗ ತಲೆ ಕೆಡಿಸಿಕೊಂಡಿರುವುದು ಆ ಮೊಂಡು ಹೂಗಳ ಬಗ್ಗೆ.

ಒಣಗಿದ ಸೂರ್ಯಕಾಂತಿ ಸಿಕ್ಕರೆ ನೀವೂ ಎಣಿಸಿ ನೋಡಿ. ಶುರು ಮಾಡಿದ ಸುರುಳಿಗೆ ಪೆನ್ನಿನಿಂದ ಒಂದು ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಎಡಕ್ಕೆ ತಿರುಗುವವನ್ನು ಒಮ್ಮೆ, ಬಲಕ್ಕೆ ತಿರುಗುವವನ್ನು ಇನ್ನೊಮ್ಮೆ. ನಮಸ್ಕಾರ.