ಗುಡ್ಡದ ಮೇಲೊಂದು ಡ್ರೋನ್ ಗೂಡು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರು ಕಡೆಯಿಂದ ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ಬರುವಾಗ ಕೋಟೆಗಿಂತ ಮೊದಲು ಕಣ್ಣಿಗೆ ಬೀಳುವುದು ಗುಡ್ಡದ ಸಾಲಿನ ಮೇಲಿನ ಗಾಳಿ ಫ್ಯಾನುಗಳು. ಆ ಫ್ಯಾನುಗಳ ರೆಕ್ಕೆಯಲ್ಲಿ ಬಿರುಕು ಬಿಟ್ಟಿದೆಯಾ, ಸಿಡಿಲು ಬಡಿದ ಗುರುತು ಇದೆಯಾ ಅಂತ ಡ್ರೋನ್ ಹಾರಿಸಿ ನೋಡುವುದು ನನ್ನ ಕೆಲಸ. ಮೊದಲೆಲ್ಲ ಜೀಪಿನಲ್ಲಿ ಡ್ರೋನ್ ಇಟ್ಟುಕೊಂಡು, ಗುಡ್ಡ ಹತ್ತಿ, ಹಾರಿಸಿ, ಸಂಜೆಗೆ ಇಳಿಯುತ್ತಿದ್ದೆವು. ಈಗ ಡ್ರೋನನ್ನು ಗುಡ್ಡದ ಮೇಲೆಯೇ ಬಿಟ್ಟು ಬರುವ ಕಾಲ ಬಂದಿದೆ. ಅದಕ್ಕೊಂದು ಪೆಟ್ಟಿಗೆ ಇರುತ್ತದೆ. ಡಾಕಿಂಗ್ ಸ್ಟೇಷನ್ ಅನ್ನುತ್ತಾರೆ. ನಾನು ಗೂಡು ಅಂತಲೇ ಕರೆಯುತ್ತೇನೆ.

ಹೇಳಿದ ಹೊತ್ತಿಗೆ ಗೂಡಿನ ಮುಚ್ಚಳ ತಾನಾಗಿ ತೆರೆಯುತ್ತದೆ. ಡ್ರೋನ್ ಎದ್ದು ಹೋಗಿ ಕೆಲಸ ಮುಗಿಸಿ ಬರುತ್ತದೆ. ತಟ್ಟೆಯ ಮೇಲಿನ ಗುರುತನ್ನು ಕ್ಯಾಮೆರಾದಲ್ಲಿ ನೋಡಿಕೊಂಡು ಸರಿಯಾಗಿ ಇಳಿಯುತ್ತದೆ. ಮುಚ್ಚಳ ಮುಚ್ಚಿಕೊಳ್ಳುತ್ತದೆ, ಚಾರ್ಜ್ ಶುರುವಾಗುತ್ತದೆ. ಊರಲ್ಲಿ ಕುಳಿತವರಿಗೆ ಫೋಟೋ ಬರುತ್ತದೆ. ಕೇಳಲು ಬಹಳ ಚೆನ್ನಾಗಿದೆ, ಅಲ್ವಾ? ಹಾಗಾಗಿಯೇ ಈಗ ಸುಮಾರು ಜನ ಕೇಳುತ್ತಾರೆ, "ಸಾರ್, ಯಾವ ಪೆಟ್ಟಿಗೆ ತಗೊಳ್ಳೋದು?"

ನಾನು ತಿರುಗಿ ಕೇಳುವುದು ಒಂದೇ. ಎಲ್ಲಿ ಇಡುತ್ತೀರಿ? ಜೋಗಿಮಟ್ಟಿಯ ನೆತ್ತಿಗೆ ಹೊಂದುವ ಗೂಡು ಬೇರೆ, ಮಾರಿಕಣಿವೆ ಅಣೆಕಟ್ಟಿನ ಹತ್ತಿರಕ್ಕೆ ಬೇರೆ, ಸೂಳೆಕೆರೆ ದಂಡೆಗೆ ಬೇರೆ. ಜಾಗ ನೋಡದೆ ಪೆಟ್ಟಿಗೆ ಆರಿಸುವುದು ಅಂದರೆ ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದ ಹಾಗೆ.

ನಮ್ಮ ಗುಡ್ಡದಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಗಾಳಿ. ಮಾರುವವರು ಕ್ಯಾಮೆರಾ ಎಷ್ಟು ದೂರ ನೋಡುತ್ತದೆ, ಡ್ರೋನ್ ಎಷ್ಟು ನಿಮಿಷ ಹಾರುತ್ತದೆ ಅಂತ ಹೇಳುತ್ತಾರೆ. ನೀವು ಇಳಿಯುವಾಗಿನ ಗಾಳಿಯ ಮಿತಿ ಕೇಳಿ. ಹಾರಾಟದ ಮಿತಿ ಒಂದು, ಇಳಿಯುವ ಮಿತಿ ಇನ್ನೊಂದು. 2024ರಲ್ಲಿ ಬಂದ, ಚೀನಾದ ಡಿಜೆಐ ಕಂಪನಿಯ ಡಾಕ್ 2 ಅನ್ನುವ ಗೂಡಿನ ವಿವರಪಟ್ಟಿ ನೋಡಿ. ಡ್ರೋನ್ ಸೆಕೆಂಡಿಗೆ 12 ಮೀಟರ್ ಗಾಳಿಯಲ್ಲಿ ಹಾರುತ್ತದೆ. ಗೂಡಿಗೆ ಇಳಿಯುವಾಗ ಮಾತ್ರ ಗಾಳಿ 8 ಮೀಟರ್ ದಾಟಬಾರದು. 8 ಮೀಟರ್ ಅಂದರೆ ಗಂಟೆಗೆ 29 ಕಿಲೋಮೀಟರ್ ಹತ್ತಿರ. ಆಷಾಢದಲ್ಲಿ ನಮ್ಮ ಗುಡ್ಡಕ್ಕೆ ಅದು ದೊಡ್ಡ ಗಾಳಿಯೇ ಅಲ್ಲ. ಫ್ಯಾನ್ ಪೂರ್ತಿ ಕರೆಂಟು ಕೊಡಬೇಕಾದರೆ ಸೆಕೆಂಡಿಗೆ 12 ಮೀಟರ್ ಆಸುಪಾಸು ಗಾಳಿ ಬೇಕು. ಅಂದರೆ ಫ್ಯಾನಿಗೆ ಹಬ್ಬವಾದ ದಿನ ಡ್ರೋನಿಗೆ ಮನೆ ಸೇರುವುದೇ ಕಷ್ಟ.

ಇದನ್ನು ನಾನು ಕಲಿತದ್ದು ಒಂದು ಆಷಾಢದ ಮಧ್ಯಾಹ್ನ. ಪರೀಕ್ಷೆಗೆ ಅಂತ ಒಂದು ಗೂಡು ತಂದು ಗುಡ್ಡದ ಅಂಚಿನಲ್ಲೇ ಇಟ್ಟಿದ್ದೆವು. ನೋಟ ಚೆನ್ನಾಗಿ ಸಿಗುತ್ತದೆ ಅನ್ನುವುದು ನಮ್ಮ ಲೆಕ್ಕ. ಡ್ರೋನ್ ಚೆಂದಾಗಿ ಹಾರಿ ಬಂತು. ಗೂಡಿನ ಮೇಲೆ ನಿಂತಿತು, ಇಳಿಯಲು ನೋಡಿತು, ಗಾಳಿ ತಳ್ಳಿತು. ಮತ್ತೆ ನೋಡಿತು, ಮತ್ತೆ ತಳ್ಳಿತು. ಕೊನೆಗೆ ಬದಲಿ ಜಾಗಕ್ಕೆ ಹೋಗಿ ಇಳಿಯಿತು. ಆ ಜಾಗವನ್ನು ನಾವು ನಕ್ಷೆಯಲ್ಲಿ ಗುರುತು ಮಾಡಿದ್ದೆವು, ನೆಲದಲ್ಲಿ ಸವರಿರಲಿಲ್ಲ. ಲಂಟಾನ ಪೊದೆಗೆ ಸಿಕ್ಕಿ ಎರಡು ರೆಕ್ಕೆ ಮುರಿದವು. ತಪ್ಪು ನಮ್ಮದೇ. ಕಣಿವೆಯಿಂದ ಏರಿ ಬರುವ ಗಾಳಿ ಅಂಚಿನಲ್ಲಿ ಸುತ್ತಿ ಸುತ್ತಿ ಹೊಡೆಯುತ್ತದೆ. ಅಂಚಿನಿಂದ ಹಿಂದಕ್ಕೆ, ಫ್ಯಾನಿನ ಬೆನ್ನ ಹಿಂದಿನ ಕಲಕಿದ ಗಾಳಿಗೆ ಸಿಗದ ಹಾಗೆ ಗೂಡು ಇಡಬೇಕು. ಬದಲಿ ಜಾಗವನ್ನು ಕಣದ ಹಾಗೆ ಬೋಳು ಮಾಡಿ ಇಟ್ಟಿರಬೇಕು.

ಇನ್ನು ಬಿಸಿಲು. ಚಳ್ಳಕೆರೆ, ಹಿರಿಯೂರು ಕಡೆ ಸೋಲಾರ್ ಫಲಕ ನೋಡುವವರು ಇದನ್ನು ಗಮನಿಸಿ. ಕೆಟ್ಟ ಫಲಕ ಬಿಸಿಯಾಗಿ ಕಾಣುವುದು ಬಿಸಿಲು ಚುರುಕಾಗಿದ್ದಾಗ. ಹಾಗಾಗಿ ಹಾರಿಸುವುದು ನಡುಮಧ್ಯಾಹ್ನ. ಡ್ರೋನ್ ಬರುವಾಗ ಬ್ಯಾಟರಿ ಕಾದಿರುತ್ತದೆ. ಕಾದ ಲಿಥಿಯಂ ಬ್ಯಾಟರಿಗೆ ಹಾಗೇ ಚಾರ್ಜ್ ಹಾಕಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ. ಒಳ್ಳೆಯ ಗೂಡು ಮೊದಲು ಅದನ್ನು ತಣ್ಣಗೆ ಮಾಡಿ ಆಮೇಲೆ ಚಾರ್ಜ್ ಶುರು ಮಾಡುತ್ತದೆ. ಅದಕ್ಕೆ ಹೊತ್ತು ಬೇಕು. ಪಟ್ಟಿಯಲ್ಲಿ ಅರ್ಧ ಗಂಟೆಯ ಚಾರ್ಜ್ ಅಂತ ಇದ್ದರೂ ಏಪ್ರಿಲ್‌ನಲ್ಲಿ ಅದೇ ಲೆಕ್ಕ ಹಿಡಿಯಬೇಡಿ. ಬ್ಯಾಟರಿಯನ್ನೇ ಬದಲಿಸುವ ಗೂಡುಗಳೂ ಇವೆ. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಒಳಗೆ ಓಡಾಡುವ ಭಾಗಗಳು ಜಾಸ್ತಿ. ನಮ್ಮ ಕೆಂಧೂಳಿಗೆ ಅಂಥದ್ದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಧೂಳಿನ ಮಾತು ಬಂತು. ಪೆಟ್ಟಿಗೆ ಮೇಲೆ ಐಪಿ 55 ಅಂತ ಬರೆದಿರುತ್ತಾರೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಧೂಳಿಗೆ 5 ಅಂದರೆ ಸ್ವಲ್ಪ ಒಳಗೆ ಹೋಗಬಹುದು, ಕೆಲಸ ಕೆಡುವಷ್ಟು ಹೋಗುವುದಿಲ್ಲ. 6 ಇದ್ದರೆ ಧೂಳು ಒಳಗೆ ಹೋಗುವುದೇ ಇಲ್ಲ. ಇದು ಮುಚ್ಚಿದ ಪೆಟ್ಟಿಗೆಯ ಮಾತು, ಮುಚ್ಚಳ ದಿನಾ ತೆರೆಯುತ್ತದೆ ಅನ್ನುವುದು ನೆನಪಿರಲಿ. ತಟ್ಟೆಯ ಗುರುತಿನ ಮೇಲೆ ಧೂಳು ಕೂತರೆ ಡ್ರೋನಿಗೆ ಮನೆ ಬಾಗಿಲೇ ಕಾಣುವುದಿಲ್ಲ. ಒಮ್ಮೆ ಗಾಳಿ ಹೋಗುವ ಕಿಂಡಿಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಒಳಗೆ ಬಿಸಿ ಏರಿ ಚಾರ್ಜ್ ನಿಂತುಹೋಯಿತು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಬಟ್ಟೆ ಹಿಡಿದು ಗುಡ್ಡ ಹತ್ತುವ ಒಬ್ಬ ಹುಡುಗ ಬೇಕೇ ಬೇಕು. ಅವನ ಸಂಬಳವನ್ನೂ ಲೆಕ್ಕಕ್ಕೆ ಸೇರಿಸಿ.

ಕರೆಂಟು ಹೋದಾಗ ಮುಚ್ಚಳ ತೆರೆಯುವಷ್ಟು ಬ್ಯಾಟರಿ ಗೂಡಿನೊಳಗೆ ಇರಬೇಕು. ಡ್ರೋನ್ ಆಕಾಶದಲ್ಲಿರುವಾಗ ಲೈನ್ ಹೋದರೆ ಅದು ಇಳಿಯುವುದು ಎಲ್ಲಿ? ಅರ್ಥಿಂಗ್ ಕೂಡ ನೋಡಿ. ಬಂಡೆ ನೆಲದಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿದರೂ ಅರ್ಥಿಂಗ್ ಸುಲಭಕ್ಕೆ ಸಿಗುವುದಿಲ್ಲ. ಸಿಡಿಲಿನ ಜಾಗ ಅದು. ಫೋನ್ ಸಿಗ್ನಲ್‌ಗೆ ಎರಡು ಕಂಪನಿಯ ಸಿಮ್ ಹಾಕಿ.

ಕಾನೂನಿನ ವಿಷಯ ದುಡ್ಡು ಕೊಡುವ ಮುಂಚೆಯೇ ತಿಳಿದಿರಲಿ. 2022ರ ಫೆಬ್ರವರಿಯಿಂದ ಹೊರದೇಶದ ಡ್ರೋನ್ ತರಿಸಿಕೊಳ್ಳಲು ನಿಷೇಧವಿದೆ. ರಕ್ಷಣೆ, ಸಂಶೋಧನೆಯಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ಬಿಡಿಭಾಗ ತರಿಸಬಹುದು. ಆದ್ದರಿಂದ ಡಿಜೆಐ ಅಂಕಿಗಳನ್ನು ನಾನು ಅಳತೆಗೋಲಿನ ಹಾಗೆ ಹೇಳಿದೆ, ಅದನ್ನೇ ತರಿಸಿ ಅಂತಲ್ಲ. 2021ರ ಡ್ರೋನ್ ನಿಯಮದಲ್ಲಿ ಹಸಿರು ವಲಯಕ್ಕೆ, ಅಂದರೆ ಮೊದಲೇ ಅನುಮತಿ ಕೇಳದೆ ಹಾರಿಸಬಹುದಾದ ಜಾಗಕ್ಕೆ, 400 ಅಡಿ ಎತ್ತರದ ಮಿತಿ ಇದೆ. ಹೊಸ ದೊಡ್ಡ ಫ್ಯಾನುಗಳ ರೆಕ್ಕೆಯ ತುದಿ ಅದನ್ನೂ ದಾಟುತ್ತದೆ. ಕಣ್ಣಿಗೆ ಕಾಣದಷ್ಟು ದೂರ ಹಾರಿಸಲು ಬೇರೆ ಅನುಮತಿ ಬೇಕು. ಊರಲ್ಲಿ ಕುಳಿತು ಗುಡ್ಡದ ಡ್ರೋನ್ ಹಾರಿಸುವುದು ಅಂದರೆ ಅದೇ. ಅನುಮತಿ ಇಲ್ಲದಿದ್ದರೆ ಪೈಲಟ್ ಗುಡ್ಡದ ಮೇಲೇ ನಿಂತಿರಬೇಕು, ಆಗ ಗೂಡಿನ ಅರ್ಧ ಉಪಯೋಗ ಹೋಯಿತು. ಚಳ್ಳಕೆರೆ ಕಡೆ ಡಿಆರ್‌ಡಿಒ ವಿಮಾನ ಪರೀಕ್ಷಾ ಕೇಂದ್ರವಿದೆ. ಆ ಸುತ್ತಿನವರು, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಒಂದಡಿಯೂ ಹಾರಿಸಬೇಡಿ.

ಕೊಳ್ಳುವ ಮನಸ್ಸಿದ್ದರೆ ಒಂದು ಕೆಲಸ ಮಾಡಿ. ಗೂಡು ಇಡುವ ಜಾಗದಲ್ಲೇ ಒಂದು ಗಾಳಿಮಾಪಕ ಕಟ್ಟಿ. ಜೂನ್‌ನಿಂದ ಆಗಸ್ಟ್‌ವರೆಗೆ ಗಂಟೆ ಗಂಟೆಯ ಗಾಳಿ ಬರೆದಿಡಿ. ಬೆಳಗಿನ ಆರರಿಂದ ಎಂಟು ಸುಮ್ನೆ ಬಿಡಬೇಡಿ, ಎಷ್ಟೋ ದಿನ ಗಾಳಿ ತಗ್ಗುವುದು ಆಗಲೇ. ಆ ಪಟ್ಟಿಯನ್ನು ಮಾರುವವರ ಮುಂದಿಡಿ. ನಿಮ್ಮ ಪೆಟ್ಟಿಗೆ ಇದರಲ್ಲಿ ಎಷ್ಟು ದಿನ ಕೆಲಸ ಮಾಡುತ್ತದೆ, ಬರೆದು ಕೊಡಿ ಅನ್ನಿ. ನಾವು ಈ ವರ್ಷ ಎರಡನೇ ಗುಡ್ಡಕ್ಕೆ ಗಾಳಿಮಾಪಕ ಕಟ್ಟಿದ್ದೇವೆ. ಗೂಡು ಮುಂದಿನ ಬೇಸಿಗೆಗೆ.

ನಮಸ್ಕಾರ.