ಬೋಳು ಗುಡ್ಡ ಅನ್ನಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ಜೋರು ಮಳೆಯ ಕಕ್ಕಡ ತಿಂಗಳು ನಡೆಯುತ್ತಿದೆ. ಇವತ್ತು ಬೆಳಿಗ್ಗೆ ನೋಡಿದಾಗ ನಮ್ಮ ತೋಟದಲ್ಲಿ 4 ಇಂಚು 10 ಸೆಂಟು ಮಳೆ. ಇಂಚಿಗೆ ನೂರು ಸೆಂಟು, ಕೊಡಗಿನವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಹಳೇ ಡೈರಿಗಳಲ್ಲಿ ಅಜ್ಜಂದಿರು ಬರೆದಿಟ್ಟ ಮಳೆ ಲೆಕ್ಕ ಎಷ್ಟೋ ಮನೆಗಳಲ್ಲಿ ಇನ್ನೂ ಜೋಪಾನವಾಗಿದೆ. ಬಿದ್ದ ಮಳೆ ಎಷ್ಟು ಅಂತ ಬರೆಯುತ್ತೇವೆ, ಸರಿ. ಅದು ಬೇಸಿಗೆವರೆಗೆ ಎಲ್ಲಿ ಕೂತಿರುತ್ತದೆ?

ಮೇಲೆ ಕೂತಿರುತ್ತದೆ. ನಾವು ಸುಮ್ನೆ ಬೋಳು ಗುಡ್ಡ ಅಂತ ಕರೆಯುವ ಆ ಹುಲ್ಲಿನ ಬೆಟ್ಟಗಳಲ್ಲಿ.

ತಡಿಯಂಡಮೋಳ್ ಹತ್ತಿದವರು ನೆನಪು ಮಾಡಿಕೊಳ್ಳಿ. 1,748 ಮೀಟರ್ ಎತ್ತರ, ಕೊಡಗಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಮೇಲಕ್ಕೆ ಹೋದಂತೆ ದೊಡ್ಡ ಮರಗಳು ಹಿಂದೆ ಉಳಿಯುತ್ತವೆ, ಬೆನ್ನಿನ ಉದ್ದಕ್ಕೂ ಬರೀ ಹುಲ್ಲು, ಗಾಳಿ. ಆದರೆ ಬೆಟ್ಟದ ಮಡಿಕೆಗಳನ್ನು ನೋಡಿ, ಅಲ್ಲಿ ಕಪ್ಪಗೆ, ಒತ್ತಾಗಿ ಕಾಡು ತುಂಬಿಕೊಂಡಿರುತ್ತದೆ. ಅದೇ ಶೋಲಾ. ಬಿಸಿಲಿನಿಂದ ಒಳಗೆ ಒಂದೇ ಹೆಜ್ಜೆ ಇಟ್ಟರೆ ಮೈಗೆ ತಣ್ಣಗಾಗುತ್ತದೆ. ಮರಗಳು ಕುಳ್ಳು, ಸೊಟ್ಟ, ಕೊಂಬೆ ತುಂಬ ಪಾಚಿ. ಆ ಪಾಚಿಯನ್ನು ಬೆರಳಲ್ಲಿ ಒತ್ತಿ ನೋಡಿದ್ದೇನೆ, ಹಿಂಡಿದ ಬಟ್ಟೆಯ ಹಾಗೆ ನೀರು ಇಳಿಯಿತು. ಅವತ್ತು ಮಳೆ ಇರಲಿಲ್ಲ, ಬರೀ ಮಂಜು. ಮಂಜನ್ನೇ ಹಿಡಿದು ಹನಿ ಮಾಡಿ ಬುಡಕ್ಕೆ ಇಳಿಸುತ್ತವೆ ಈ ಮರಗಳು.

ಹುಲ್ಲಿನ ಕೆಲಸ ಬೇರೆ. ಅದರ ಸಣ್ಣ ಸಣ್ಣ ಬೇರುಗಳು ಮೇಲ್ಮಣ್ಣನ್ನು ಹೆಣೆದು ಹಿಡಿದಿರುತ್ತವೆ. ಕೆಳಗೆ ಬಂಡೆ, ಅದರ ಮೇಲೆ ತೆಳ್ಳನೆ ಮಣ್ಣು, ಅದರ ಮೇಲೆ ಬೀಸುವ ಗಾಳಿ. ಎಲ್ಲಾ ಕಡೆ ಮರ ಏಳುವ ಜಾಗವೇ ಅಲ್ಲ ಅದು. ಕಾಡು ಕಡಿದದ್ದರಿಂದ ಹುಲ್ಲು ಬಂತು ಅಂತ ತುಂಬ ಜನ ತಿಳಿದಿದ್ದಾರೆ. ಆದರೆ ನೀಲಗಿರಿಯ ಜೌಗು ಮಣ್ಣನ್ನು ಪರೀಕ್ಷೆ ಮಾಡಿದ ವಿಜ್ಞಾನಿಗಳು 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲುಗಾವಲು ಇತ್ತು ಅಂತ ತೋರಿಸಿದ್ದಾರೆ. ಅಂದರೆ ಮನುಷ್ಯ ಅಲ್ಲಿ ಕೊಡಲಿ ಎತ್ತುವುದಕ್ಕಿಂತ ಎಷ್ಟೋ ಮೊದಲು.

ಹೀಗೆ ಹುಲ್ಲೂ ಶೋಲಾನೂ ಸೇರಿ ಹಿಡಿದ ನೀರು ನಿಧಾನಕ್ಕೆ ಸೋರುತ್ತಾ, ಕೊಲ್ಲಿ, ತೋಡು ಅಂತ ಸಣ್ಣ ಹಳ್ಳಗಳಾಗಿ ಇಳಿದು ನಮ್ಮ ಗದ್ದೆಗೆ ಬರುತ್ತದೆ. ತಲಕಾವೇರಿಯಲ್ಲಿ ಕಾವೇರಿ ಹುಟ್ಟುವುದು ಇಂಥ ಬೆಟ್ಟದ ಮಗ್ಗುಲಲ್ಲೇ. ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥ ಹೊಳೆಯೂ ಬ್ರಹ್ಮಗಿರಿಯ ಮೇಲಿಂದ ಬರುವುದು.

ಒಂದು ಪುಟ್ಟ ಜೀವಿಯ ವಿಷಯ ಹೇಳಲೇಬೇಕು. ಈಗ ರಾತ್ರಿ ಮಳೆ ಸ್ವಲ್ಪ ನಿಂತಾಗ ಪೊದೆಗಳಿಂದ ಟಿಕ್, ಟಿಕ್ ಅಂತ ಕೇಳುತ್ತದಲ್ವಾ? ಹುಳ ಅಂದುಕೊಂಡಿರುತ್ತೀರಿ. ಟಾರ್ಚ್ ಹಿಡಿದು ಹುಡುಕಿದರೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಕಪ್ಪೆ ಎಲೆ ಮೇಲೆ ಕೂತು ಗಂಟಲು ಉಬ್ಬಿಸುತ್ತಿರುತ್ತದೆ. ಪೊದೆಗಪ್ಪೆ. ಇದಕ್ಕೆ ಕೆರೆ ಬೇಡ, ಹೊಂಡ ಬೇಡ. ಎಲೆ ಮೇಲೋ ತರಗೆಲೆಯ ಅಡಿಯೋ ಮೊಟ್ಟೆ ಇಡುತ್ತದೆ, ಗೊದಮೊಟ್ಟೆ ಈಜುವ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಅಕ್ಕಿಕಾಳಿನಷ್ಟು ಕಪ್ಪೆಮರಿ ಹೊರಗೆ ಬರುತ್ತದೆ. ಅಲ್ಲಿವರೆಗೆ ಸುತ್ತ ತೇವ ಆರಬಾರದು. ಮಂಜು ಕೆಲವು ದಿನ ಕೈಕೊಟ್ಟರೂ ಮೊಟ್ಟೆ ಒಣಗಿಹೋಗುತ್ತದೆ.

ಇನ್ನು ನನ್ನದೇ ಒಂದು ತಪ್ಪು. ಎಂಟನೇ ಕ್ಲಾಸಿನಲ್ಲಿದ್ದಾಗ ವನಮಹೋತ್ಸವಕ್ಕೆ ನಮ್ಮನ್ನೆಲ್ಲ ಊರ ಮೇಲಿನ ಬಾಣೆಗೆ, ಅಂದರೆ ದನ ಮೇಯುವ ಹುಲ್ಲುಗುಡ್ಡಕ್ಕೆ, ಕರೆದುಕೊಂಡು ಹೋಗಿ ಅಕೇಶಿಯಾ ಸಸಿ ನೆಡಿಸಿದರು. ದನ ಮೇಯಿಸುತ್ತಿದ್ದ ಅಜ್ಜ ಒಬ್ಬರು ಮಳೆಗೆ ಗೊರಗ ಹೊದ್ದು ನಿಂತು ನೋಡಿದರು. 'ಏನ್ ಮಕ್ಕಳೇ, ನೀರಿನ ತಲೆ ಮೇಲೆ ಇದನ್ನ ಯಾಕೆ ನೆಡ್ತೀರಿ?' ಅಂದರು. ನಾವು ನಕ್ಕೆವು. ಗಿಡ ನೆಡುವುದು ಒಳ್ಳೇದಲ್ವಾ ಅಂತ. ಈಗ ಅಲ್ಲಿ ಅಕೇಶಿಯಾ ತೋಪಿದೆ. ಅದರ ಅಡಿಯಲ್ಲಿ ಒಣಗಿದ ಎಲೆಯ ದಪ್ಪ ಹಾಸು, ಒಂದು ಎಸಳು ಹುಲ್ಲಿಲ್ಲ. ಆ ನಗು ನೆನಪಾದಾಗಲೆಲ್ಲ ನನಗೆ ಇವತ್ತಿಗೂ ಕಸಿವಿಸಿಯಾಗುತ್ತದೆ.

2018ರ ಆಗಸ್ಟ್ ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿ ಬಂದವು. 2020ರಲ್ಲಿ ತಲಕಾವೇರಿಯ ಬೆಟ್ಟವೇ ಕುಸಿಯಿತು. ಮಳೆ ವಿಪರೀತ ಇತ್ತು, ನಿಜ. ಆದರೆ ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಎಲ್ಲಿ? ಮಾಂದಲ್‌ಪಟ್ಟಿಯಲ್ಲಿ 2021ರಲ್ಲಿ ಕುರಿಂಜಿ ಅರಳಿ ಬೆಟ್ಟ ನೀಲಿಯಾದಾಗ ಎಷ್ಟು ಜನ ಬಂದರು! ಹೂ ನೋಡಲಿ, ಖುಷಿಯೇ. ಆದರೆ ಜೀಪಿನ ಚಕ್ರ ಹುಲ್ಲಿನ ಮೇಲೆ ಹತ್ತಿದರೆ ಆ ಗುರುತಿನಲ್ಲೇ ಮುಂದಿನ ಮಳೆಯ ನೀರು ಹರಿಯುತ್ತದೆ, ಮರುವರ್ಷ ಅದು ಚರಂಡಿ, ಆಮೇಲೆ ಕೊರಕಲು. ದಯವಿಟ್ಟು ಜೀಪನ್ನು ಕೆಳಗೇ ಬಿಟ್ಟು ನಡೆದು ಹೋಗಿ. ಹುಲ್ಲಿರುವಲ್ಲಿ ಗಿಡ ನೆಡಬೇಡಿ, ಆಸೆ ಇದ್ದರೆ ತೋಟದ ನೆರಳಿಗೆ ನಮ್ಮ ಕಾಡಿನ ಮರಗಳನ್ನೇ ನೆಡಿ.

ನಾವು ನಾಲ್ಕು ಮನೆಯವರು ಎರಡು ವರ್ಷದಿಂದ ಆ ಬಾಣೆಗೆ ಹೋಗಿ, ತೋಪಿನ ಅಂಚಿನಲ್ಲಿ ತಾನಾಗಿ ಹುಟ್ಟುವ ಅಕೇಶಿಯಾ ಸಸಿಗಳನ್ನು ಕೀಳುತ್ತಿದ್ದೇವೆ. ಮಣ್ಣು ಮೆತ್ತಗಿರುವ ಈ ತಿಂಗಳಲ್ಲೇ ಆ ಕೆಲಸ ಸುಲಭ, ಜಿಗಣೆ ಕಾಟ ಒಂದು ಬಿಟ್ಟರೆ. ಮೊನ್ನೆ ಹೋದಾಗ, ಕಳೆದ ವರ್ಷ ಕಿತ್ತ ಜಾಗದಲ್ಲಿ ಹುಲ್ಲು ಬಂದಿತ್ತು. ಇನ್ನೂ ಗೇಣುದ್ದ. ಬಗ್ಗಿ ಬುಡ ಮುಟ್ಟಿ ನೋಡಿದೆ, ಒದ್ದೆ ಇತ್ತು.

ನಮಸ್ಕಾರ.